ಇಪ್ಪತ್ತೊಂದು ಪಾತ್ರೆಗಳ ನಿಘಂಟು

ಇಂಗ್ಲಿಷ್ ಭಾಷೆಯನ್ನು ಇಪ್ಪತ್ತೊಂದು ಪಾತ್ರೆಗಳಲ್ಲಿ ತುಂಬಿ, ಅಂಬಲಿ ಕುಡಿಸಿದಷ್ಟು ಸುಲಭವಾಗಿ ಮನೆಮಂದಿಗೆಲ್ಲ ಕುಡಿಸಿಬಿಡುತ್ತೇನೆ!

ಹೋದ ಚಳಿಗಾಲದ ಒಂದು ಗುರುವಾರ ಬೆಳಿಗ್ಗೆ, ಆಳಂದದ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ನಾನು ಹೀಗೆ ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರೇ. ಗೂಟದ ಎಮ್ಮೆ ಮತ್ತು ನನ್ನ ಹೆಂಡತಿ ಕಸ್ತೂರಿಬಾಯಿ. ಎಮ್ಮೆ ತಲೆಯಾಡಿಸಿತು. ಕಸ್ತೂರಿ ಅಷ್ಟನ್ನೂ ಮಾಡಲಿಲ್ಲ.

"ಮೊದ್ಲ ಮಾರಿ ತೊಳ್ಕೋರಿ" ಎಂದಳು. "ಇನ್ನಾ ನಿದ್ದಿಗಣ್ಣಾಗ ಮಾತಾಡಾಕತ್ತೀರಿ."

ನಿದ್ದೆಗಣ್ಣಲ್ಲ ಸ್ವಾಮಿ, ಇದು ನಾಲ್ವತ್ತು ವರ್ಷದ ಅನುಭವ! ನಾನು ಶಿವರಾಯ. ವಯಸ್ಸು ಎಪ್ಪತ್ತೊಂದು, ಓದಿದ್ದು ಮೂರನೆಯ ಇಯತ್ತೆ. ಆಳಂದದ ಪೇಟೆಯಲ್ಲಿ ಪಾತ್ರೆ ಅಂಗಡಿಯೊಂದರ ಮುಂದೆ ಕುಳಿತು, ಪುಟ್ಟ ಮಶೀನು ಹಿಡಿದು, ಸ್ಟೀಲಿನ ಮೇಲೆ ಹೆಸರು ಹಾಕುವುದು ನನ್ನ ಕಸುಬು. ಮದುವೆಗೆ, ತೊಟ್ಟಿಲಿಗೆ, ಮನೆ ಶಾಂತಿಗೆ ಪಾತ್ರೆ ಕೊಟ್ಟವರ ಹೆಸರು, ಪಡೆದವರ ಹೆಸರು, ಊರು, ತಾರೀಖು ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಇಲ್ಲಿಂದ ಅಫಜಲಪುರದ ಅತನೂರಿನವರೆಗೆ ನೀವು ಯಾರ ಅಡುಗೆ ಮನೆಗಾದರೂ ಹೋಗಿ ನೋಡಿ, ಹಲಗೆಯ ಮೇಲೆ ನನ್ನ ಕೈಬರಹ ಕೂತಿರುತ್ತದೆ! ದೊಡ್ಡ ದೊಡ್ಡ ಗ್ರಂಥ ಬರೆದವರಿದ್ದಾರೆ. ಆದರೆ ಅವರ ಬರಹವನ್ನು ದಿನಕ್ಕೆರಡು ಸಲ ತೊಳೆದು, ಒರೆಸಿ, ಬೋರಲು ಹಾಕಿ ಜೋಪಾನ ಮಾಡುವವರು ಯಾರಿದ್ದಾರೆ?

ಇಂಗ್ಲಿಷನ್ನೂ ನಾನು ಹಾಗೆಯೇ ಕಲಿತೆ. ಇಂಗ್ಲಿಷ್ ಚೀಟಿ ತಂದವರನ್ನೆಲ್ಲ "ಇದರ ಅರ್ಥ ಏನ್ರಿ ಸಾಹೇಬ್ರ?" ಎಂದು ಕೇಳಿ ಕೇಳಿ, ಹೇಳಿದ್ದನ್ನು ಮಶೀನಿನಿಂದ ತಲೆಯೊಳಗೇ ಕೊರೆದುಕೊಂಡೆ. ಮೇಷ್ಟ್ರಿಲ್ಲ, ಫೀಸಿಲ್ಲ, ಛಡಿ ಏಟಿಲ್ಲ!

ಮೊಮ್ಮಗಳು ಸೃಷ್ಟಿ ಪಿಯುಸಿ ಎರಡನೆಯ ವರ್ಷ. ಹಿಂದಿನ ದಿನ ಸಂಜೆ ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ಮೂಗು ಏರಿಸುತ್ತ ಕೂತಿದ್ದಳು.

"ಮುತ್ಯಾ, ಈ ಇಂಗ್ಲಿಷ್ ಮಂದಿಗಿ ಶಬ್ದದ ಬರ ಬಿದ್ದಿತ್ತೇನು? ಒಂದೊಂದಕ್ಕ ನಾಕ್ನಾಕು ಅರ್ಥ ಹಚ್ಯಾರ! ಹೆಡ್ ಅಂದ್ರ ತಲಿ. ಆಫೀಸಿನ ಸಾಹೇಬನೂ ಹೆಡ್. ಮೊಳಿ ಮ್ಯಾಲಿಂದೂ ಹೆಡ್. ಕೋಸಿನ ಗಡ್ಡಿನೂ ಹೆಡ್!"

"ಅಳಬ್ಯಾಡ ಹುಚ್ಚಿ" ಎಂದೆ. "ಅವು ಬ್ಯಾರೆ ಬ್ಯಾರೆ ಅಲ್ಲ, ಒಂದ ಮನಿ ಮಕ್ಕಳು. ಮ್ಯಾಲ ಕುಂತದ್ದು, ದುಂಡಗಿದ್ದದ್ದು, ಮುಂದಾಳು ಆದದ್ದು ಎಲ್ಲಾ ತಲಿ ವಂಶದವು. ಹಿರ್ಯಾಂವನ ಮಾರಿ ಗುರ್ತಿದ್ರ ಮೊಮ್ಮಕ್ಕಳ ಗುರ್ತು ತಾನೇ ಹತ್ತತದ. ಐ ಅಂದ್ರ ಕಣ್ಣು. ಸೂಜಿ ತೂತೂ ಐ, ಆಲೂಗಡ್ಡಿ ಮೊಳಕಿ ಒಡಿಯೋ ಗುಳಿನೂ ಐ. ಹೌದಿಲ್ಲೋ?"

"ನಮ್ಮ ಪುಸ್ತಕದಾಗೂ ಹಿಂಗ ಬರದಾರ ಮುತ್ಯಾ. ಮೂಲ ಒಂದು, ಅರ್ಥ ಹಲವು, ಎಲ್ಲಾಕ್ಕೂ ಸಂಬಂಧ ಇರ್ತದಂತ."

"ನೋಡ್ದೇನು? ಪುಸ್ತಕದವರು ಬರದಾರ, ನಾ ಓದದ ತಿಳ್ಕೊಂಡೇನಿ!"

ಆ ರಾತ್ರಿ ಹಾಸಿಗೆಯಲ್ಲಿ ಹೊಳೆದದ್ದೇ ಬೆಳಗಿನ ಘೋಷಣೆ. ಪುಸ್ತಕ ಮರೆಯುತ್ತದೆ, ಪಾತ್ರೆ ಮರೆಯುವುದಿಲ್ಲ. ನಮ್ಮ ಕಸ್ತೂರಿಯನ್ನೇ ನೋಡಿ. ಯಾವ ಗಲಾಸು ಯಾರ ಮದುವೆಯಲ್ಲಿ ಯಾರು ಕೊಟ್ಟದ್ದು, ಕೊಡುವಾಗ ಅವರ ಮುಖ ಹೇಗಿತ್ತು ಎಂಬುದೂ ಅವಳಿಗೆ ನೆನಪಿದೆ! ಏಕೆ? ದಿನಾ ಕಣ್ಣಿಗೆ ಬೀಳುತ್ತದೆ. ಹಾಗಾದರೆ ಒಂದು ಪಾತ್ರೆಗೆ ಒಂದು ಇಂಗ್ಲಿಷ್ ಶಬ್ದ, ಅದರ ಕೆಳಗೆ ಮೂರು ಅರ್ಥ ಕೊರೆದುಬಿಟ್ಟರೆ? ಸೃಷ್ಟಿ ನೀರು ಕುಡಿದಾಗಲೊಂದು ಶಬ್ದ, ಊಟಕ್ಕೆ ಕೂತಾಗಲೊಂದು ಶಬ್ದ!

"ನನ್ನ ತವರಮನಿ ಭಾಂಡೆಕ್ಕ ಮಶೀನ್ ಹಚ್ಚಿದ್ರ ನೋಡ್ರಿ ಮತ್ತ" ಎಂದು ಕಸ್ತೂರಿ ಲಟ್ಟಣಿಗೆ ಎತ್ತಿದಳು. ಬಹಳ ಚರ್ಚೆಯಾಗಿ, ಕೊನೆಗೆ ಅಟ್ಟದ ಮೇಲಿದ್ದ ಹೆಸರಿಲ್ಲದ ಇಪ್ಪತ್ತೊಂದು ಪಾತ್ರೆಗಳು ನನ್ನ ಪಾಲಿಗೆ ಬಂದವು. ಅವು ಹಳೆ ಸೀರೆ, ಧೋತರ ಕೊಟ್ಟು ಬೀದಿಯಲ್ಲಿ ಬದಲಾಯಿಸಿಕೊಂಡವು. ಕೊಟ್ಟವರೂ ಇಲ್ಲ, ಹೆಸರೂ ಇಲ್ಲ, ಹೀಗಾಗಿ ಅವುಗಳ ಮೇಲೆ ಮಮಕಾರವೂ ಇಲ್ಲ. ಆದರೂ ಕಸ್ತೂರಿ ಅವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಅಂಗಡಿಯಿಂದ ಆಗಷ್ಟೇ ಇಳಿಸಿದಂತೆ ಥಳಥಳ! ಈ ಥಳಥಳವೇ ಮುಂದೆ ನನ್ನ ಮಾನ ಕಳೆಯಿತು.

ಅದೇ ದಿನ ಮಧ್ಯಾಹ್ನ ಪಕ್ಕದ ಮನೆಯ ಸರ್ವರಬೇಗಂ ದೊಡ್ಡ ಗಂಟು ಹೊತ್ತು ಬಂದಳು. ಅವಳ ಮಗಳು ಜೀನತಳ ಮದುವೆ ಭಾನುವಾರ. ಗಂಡಿನವರು ಜೇವರ್ಗಿಯವರು, ಮದುವೆಯೂ ಅಲ್ಲಿಯೇ.

"ಕಾಕಾ, ಆರು ವರ್ಷ ಆತ್ರಿ, ಹಬ್ಬಕ್ಕೊಂದು ಹಬ್ಬಕ್ಕೊಂದು ಅಂತ ಕೂಡಿಸಿದ ಭಾಂಡೆ ಇವು. ಇಪ್ಪತ್ತೊಂದು ಅವ. ಎಲ್ಲಾಕ್ಕೂ ಜೀನತ ಅಂತ ಹೆಸರು ಹಾಕಿ ಕೊಡ್ರಿ. ಒಂದೂ ಬಿಡಬ್ಯಾಡ್ರಿ ಮತ್ತ."

"ಒಂದೂ ಬಿಡಂಗಿಲ್ಲ ತಗೋ."

"ಇಲ್ರಿ ಕಾಕಾ, ಖರೇನ ಹೇಳ್ತೇನಿ. ನನ್ನ ಮದ್ವ್ಯಾಗ ನಮ್ಮವ್ವ ಹೆಸರು ಹಾಕಿಸಿರಲಿಲ್ಲ. ಮೂರು ತಿಂಗಳದಾಗ ತಪೇಲಿ ನೆಗೆಣ್ಣಿ ಕಡಿ ಹೋತು, ಪರಾತ ನಾದಿನಿ ಕಡಿ ಹೋತು. ಇದು ನಂದು ಅಂದ್ರ, ಹೆಸರು ಎಲ್ಲದ ತೋರ್ಸು ಅಂದ್ರು. ಹೆಸರಿದ್ರ ಆಕಿದು ಕಾಕಾ, ಇಲ್ಲಾಂದ್ರ ಊರಿಂದು."

ನಾನು ಎದೆ ತಟ್ಟಿಕೊಂಡೆ. "ನಾಲ್ವತ್ತು ವರ್ಷದಾಗ ಒಬ್ಬರ ಭಾಂಡೆದ ಮ್ಯಾಲ ಇನ್ನೊಬ್ಬರ ಹೆಸರು ಬಿದ್ದಿಲ್ಲ ಬೇ, ಈ ಶಿವರಾಯನ ಕೈಯಾಗ!"

ಎದೆ ತಟ್ಟಿಕೊಂಡಾಗ ಯಾರಾದರೂ ನನ್ನ ಬಾಯಿಗೆ ಒಂದು ರೊಟ್ಟಿ ತುರುಕಬಾರದಿತ್ತೆ?

ಧೂಳಾಗದಿರಲೆಂದು ಕಸ್ತೂರಿ ಎರಡೂ ರಾಶಿಗಳನ್ನು ತನ್ನ ಹಳೆ ಸೀರೆಗಳಲ್ಲಿ ಕಟ್ಟಿ ಪಡಸಾಲೆಯ ಮೂಲೆಗೆ ಇಟ್ಟಳು. "ಹಸಿರು ಸೀರಿದು ಜೀನತಂದು, ನೀಲಿದು ನಮ್ದು. ಕೇಳ್ತೇನ್ರಿ?" ನಾನು "ಹೂಂ" ಎಂದೆ. ಕಿವಿ ಕೇಳಿತ್ತು. ಮನಸ್ಸು ಮಾತ್ರ ಟಂಗ್ ಎಂಬ ಶಬ್ದದ ಮೂರನೆಯ ಅರ್ಥ ಹುಡುಕುತ್ತಿತ್ತು. ಇನ್ನು ಕಣ್ಣಿನ ವಿಷಯ. ಹಸಿರು, ನೀಲಿ ಎರಡೂ ಕೆಲವು ವರ್ಷಗಳಿಂದ ನನಗೆ ಒಂದೇ ಮನೆ ಮಕ್ಕಳಾಗಿಬಿಟ್ಟಿವೆ. ಚಸ್ಮಾ ಇದೆ, ಆದರೆ ಕಸುಬಿಗೆ ಕೂತಾಗ ಚಸ್ಮಾ ಹಾಕಿದರೆ ನನ್ನ ಕೈಗೆ ಅವಮಾನ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಗಿರಾಕಿ ಹೆಸರಿನ ಚೀಟಿಯನ್ನು ಪಾತ್ರೆಯೊಳಗೆ ಹಾಕಿ ಇಡುತ್ತಾನೆ. ಚೀಟಿಯಲ್ಲಿ ಏನಿದೆಯೋ ಅದನ್ನು ಕೈ ಕೊರೆಯುತ್ತದೆ. ಪಾತ್ರೆ ಯಾರದು, ಹೆಸರು ಯಾಕೆ ಎಂದು ಕೇಳುವುದಿಲ್ಲ. ಸರ್ವರಬೇಗಂ ಹೆಸರನ್ನು ಬಾಯಲ್ಲೇ ಹೇಳಿದ್ದರಿಂದ ಅವಳ ಪಾತ್ರೆಗಳಲ್ಲಿ ಚೀಟಿ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಸೃಷ್ಟಿ ಕೂತು, ನಾನು ಹೇಳಿದಂತೆ ಇಪ್ಪತ್ತೊಂದು ಚೀಟಿ ಬರೆದುಕೊಟ್ಟು ಕಾಲೇಜಿಗೆ ಹೋದಳು. ಕಸ್ತೂರಿ ಓಣಿಯ ಶಿವಕಾಂತಾಳ ಮನೆಗೆ ಶಾವಿಗೆ ಹೊಸೆಯಲು ಹೋದಳು. ನಾನು ಒಂದು ಗಂಟು ಬಿಚ್ಚಿ ಪಾತ್ರೆಗೊಂದರಂತೆ ಚೀಟಿ ಹಾಕಿ, ಮಶೀನು ಚಾಲೂ ಮಾಡಿದೆ.

ಆ ದಿನ ಕರೆಂಟೂ ನನ್ನ ವೈರಿಯಾಯಿತು. ಒಂದು ನಿಮಿಷ ಸಹ ಹೋಗಲಿಲ್ಲ!

ಟರ್ರ್ ಟರ್ರ್ ಎಂದು ಕೊರೆದೆ. ಕೊಡದ ಮೇಲೆ ಹೆಡ್: ತಲೆ, ಮುಖ್ಯಸ್ಥ, ಮೊಳೆಯ ಮಂಡೆ. ಚರಗಿಯ ಮೇಲೆ ಮೌತ್: ಬಾಯಿ, ಗವಿಯ ಬಾಯಿ, ನದಿ ಸಮುದ್ರ ಸೇರುವ ಜಾಗ. ಪರಾತದ ಮೇಲೆ ಹ್ಯಾಂಡ್: ಕೈ, ಗಡಿಯಾರದ ಮುಳ್ಳು, ಕೆಲಸದ ಆಳು. ತಾಟಿನ ಮೇಲೆ ಫುಟ್, ತಪೇಲಿಯ ಮೇಲೆ ಕೋಲ್ಡ್, ಡಬರಿಯ ಮೇಲೆ ಶಾರ್ಪ್! ಅದೂ ಎಲ್ಲಿ? ಹೆಸರು ಹಾಕುವ ಜಾಗದಲ್ಲಿಯೇ, ಅಂಚಿನ ಕೆಳಗೆ, ಎದ್ದು ಕಾಣುವಂತೆ. ಸಂಜೆ ಐದಕ್ಕೆ ಕೊನೆಯ ಪಾತ್ರೆ ಇಳಿಸಿ, ಇಪ್ಪತ್ತೊಂದನ್ನೂ ಸಾಲಾಗಿ ನಿಲ್ಲಿಸಿ, ಮೀಸೆ ತಿರುವಿಕೊಂಡು ಕೂತೆ. ವಿಶ್ವವಿದ್ಯಾಲಯ ಇರುವುದು ಕಡಗಂಚಿಯಲ್ಲಿ ಎಂದು ಯಾರು ಹೇಳಿದ್ದು? ನಮ್ಮ ಪಡಸಾಲೆಯಲ್ಲಿಯೇ ಇತ್ತು!

ಕಸ್ತೂರಿ ಬಂದಳು. ಓದಲಿಲ್ಲ. ಕೊಡವನ್ನು ಒಂದು ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿದಳು. ಅವಳ ಮುಖ ಬಣ್ಣಗೆಟ್ಟಿತು.

"ಇದು ನಮ್ದಲ್ಲ."

"ಅಕ್ಷರ ನೋಡು ಬೇ, ಅಕ್ಷರ! ಮುತ್ತು ಪೋಣಿಸಿದಂಗ..."

"ಅಕ್ಷರ ಒಲಿಗಿ ಹಾಕ್ರಿ! ನಮ್ಮ ಕೊಡ ಇಷ್ಟು ವಜ್ಜಿ ಇಲ್ಲ. ಇವು ಜೀನತನ ಭಾಂಡೆ!"

ನಾನು ಚಸ್ಮಾ ಹಾಕಿದೆ. ಬಿಚ್ಚಿ ಬಿದ್ದ ಸೀರೆ ಹಸಿರು. ಮೂಲೆಯಲ್ಲಿ ಕಟ್ಟಿದ ಗಂಟು ನೀಲಿ. ಚಸ್ಮಾ ತೆಗೆದೆ. ಮತ್ತೆ ಹಾಕಿದೆ. ಹಸಿರು ಹಸಿರಾಗಿಯೇ ಉಳಿಯಿತು.

ಅಷ್ಟರಲ್ಲಿ ಸೃಷ್ಟಿ ಬಂದು, ಸಾಲನ್ನು ನೋಡಿ, "ಅಯ್ಯೋ ಮುತ್ಯಾ, ಇವು ನನಗ್ಯಾಕ?" ಎಂದಳು. "ಇಪ್ಪತ್ತೊಂದು ಚೀಟಿ ಬರಿಯೂದ್ರಾಗ ನನಗ ಎಲ್ಲಾ ಬಾಯಿಪಾಠ ಆಗ್ಯಾವ!"

ಭೂಮಿ ಬಿರಿಯಬಾರದೆ! ಬಿರಿಯಲಿಲ್ಲ. ನಮ್ಮದು ಗಟ್ಟಿ ಷಾಬಾದ್ ಕಲ್ಲಿನ ನೆಲ.

"ಈಗಿಂದೀಗ ಹೋಗಿ ಸರ್ವರಬೇಗಂಗ ಹೇಳ್ರಿ" ಎಂದಳು ಕಸ್ತೂರಿ.

"ಹೇಳ್ತೇನಿ. ಮೊದ್ಲ ಒಂದೀಟು ರಿಪೇರಿ ನೋಡ್ತೇನಿ."

ರಿಪೇರಿ ಶುರುವಾಯಿತು. ಉಸುಕು ಕಾಗದ ಹಚ್ಚಿ ಒಂದು ತಾಟು ಉಜ್ಜಿದೆ. ತಾಟಿನ ಹೊಳಪು ಹೋಯಿತು, ಫುಟ್ ಮಾತ್ರ ಕಾಲೂರಿ ನಿಂತಿತ್ತು. ಮರುದಿನ ಬೆಳಿಗ್ಗೆ ನಾನು ಕೂರುವ ಅಂಗಡಿಗೇ ಓಡಿದೆ. ಮಾಲೀಕನ ಮಗ ಶಾಂತಕುಮಾರ, ಸೃಷ್ಟಿ ಮೊಬೈಲಿನಲ್ಲಿ ತೆಗೆದುಕೊಟ್ಟ ಪಾತ್ರೆಗಳ ಚಿತ್ರ ನೋಡಿ, "ಕಾಕಾ, ಇಂಥಾ ಮಾಲು ಈಗ ಇಲ್ರಿ. ಸೋಲಾಪುರದಿಂದ ತರಸಬೇಕು, ಹತ್ತು ದಿನ ಹಿಡಿತದ" ಎಂದ. ಮದುವೆ ನಾಳೆ! ಮನೆಗೆ ಬಂದು ಮೂರನೆಯ ಉಪಾಯ ಹೂಡಿದೆ. ಅಕ್ಷರಗಳ ಸುತ್ತ ಹೂಬಳ್ಳಿ ಕೊರೆದು ಮುಚ್ಚಿಬಿಡುವುದು. ಐ ಎಂಬ ಶಬ್ದಕ್ಕೆ ಮೇಲೊಂದು ಎಲೆ, ಕೆಳಗೊಂದು ಎಲೆ ಹಾಕಿದೆ. ಮುಚ್ಚುವುದು ಹೋಗಲಿ, ಹುಬ್ಬು ರೆಪ್ಪೆ ಎರಡೂ ಬಂದಂತಾಗಿ ಆ ಡಬ್ಬಿ ನನ್ನನ್ನೇ ದಿಟ್ಟಿಸಿ ನೋಡತೊಡಗಿತು!

ಗೋಡೆಯಾಚೆಯಿಂದ ಸರ್ವರಬೇಗಂಳ ದನಿ ಬಂತು. "ಕಾಕಾ, ಆತೇನ್ರಿ?"

"ಆಗಾಕತ್ತದವ್ವ! ಕರೆಂಟ್ ಇಲ್ಲ ನೋಡು, ಅದ್ಕ ತಡ!"

ಅದೇ ಗಳಿಗೆಗೆ ಕಸ್ತೂರಿ ಅಡುಗೆ ಮನೆಯಲ್ಲಿ ಮಿಕ್ಸರ್ ಹಾಕಿದಳು. ಗರ್ರ್ ಎಂದು ಮೂರು ಓಣಿಗೆ ಕೇಳುವ ಸಪ್ಪಳ!

"ಕರೆಂಟ್ ಇಲ್ಲಂದ್ರಿ?"

"ಈಗ ಬಂತು!"

"ನಮ್ಮನ್ಯಾಗ ಮುಂಜಾನಿಂದ ಅದ ಕಾಕಾ."

ನಾನು ಅಡುಗೆ ಮನೆಗೆ ನುಗ್ಗಿ, "ಯಾಕ ಬೇ, ನನ್ನ ಮಾನ ಕಳೀತಿ?" ಎಂದು ಪಿಸುಗುಟ್ಟಿದೆ. ಜಾರಿನಲ್ಲಿ ಏನೂ ಇರಲಿಲ್ಲ. ಖಾಲಿ ಮಿಕ್ಸರ್ ತಿರುಗಿಸಿದ್ದಳು!

"ಸುಳ್ಳು ರುಬ್ಬಾಕತ್ತಿದ್ದೆ" ಎಂದಳು. "ಸಣ್ಣಗ ಆಗವಲ್ದು."

ಹತ್ತು ನಿಮಿಷದಲ್ಲಿ ಜೀನತಳೇ ಬಂದಳು. ಕೈತುಂಬ ಮೆಹೆಂದಿ. ಮುಟ್ಟಬಾರದೆಂದು ಎರಡೂ ಕೈ ಎತ್ತಿ ಹಿಡಿದುಕೊಂಡಿದ್ದಳು. ಅಡಗಿಸಲು ನನಗೆ ಸಮಯ ಸಿಗಲಿಲ್ಲ. ಇಪ್ಪತ್ತೊಂದು ಪಾತ್ರೆಗಳ ಮೇಲೆ ಅಡ್ಡ ಮಲಗೋಣವೆಂದರೆ ನಾನು ಅಷ್ಟು ಅಗಲವಿಲ್ಲ.

ಅವಳು ಕೊಡದ ಮುಂದೆ ಬಾಗಿ ಓದಿದಳು. ಚರಗಿಯ ಮುಂದೆ ಬಾಗಿದಳು. ಒಂದೊಂದನ್ನೂ ಬಿಡದೆ ಸಾಲಿನ ತುದಿಯವರೆಗೆ ಹೋಗಿ, ಮತ್ತೆ ಹಿಂದಕ್ಕೆ ಬಂದಳು. ಓದುತ್ತಿರಲಿಲ್ಲ, ಹುಡುಕುತ್ತಿದ್ದಳು. ನನಗೆ ತಿಳಿಯಿತು.

"ಮುತ್ಯಾ" ಎಂದಳು ಮೆಲ್ಲಗೆ. "ಇದ್ರಾಗ ನದಿ ಅದ, ಮೊಳಿ ಅದ, ಗಡಿಯಾರ ಅದ. ನಾನ ಇಲ್ಲಲ್ರಿ."

ನಾಲ್ವತ್ತು ವರ್ಷ ಸ್ಟೀಲು ಕೊರೆದವನನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಕೊರೆದಳು. ನಾನು ಚಸ್ಮಾ, ಮೊಮ್ಮಗಳು, ಸೀರೆ, ಇಂಗ್ಲಿಷ್ ಎಲ್ಲದರ ಕಥೆ ಹೇಳಿ ಕೈಮುಗಿದೆ. "ನಮ್ಮ ಮನ್ಯಾಗಿನ ಭಾಂಡೆ ಎಲ್ಲಾ ಒಯ್ಯವ್ವ, ಈಗ ಹೆಸರು ಹಾಕಿ ಕೊಡ್ತೇನಿ."

"ಅವು ನಮ್ಮವ್ವ ಕೂಡಿಸಿದವು ಅಲ್ಲಲ್ಲ ಮುತ್ಯಾ."

ಜೀನತ ಮತ್ತೆ ಕೊಡದ ಕಡೆ ನೋಡಿದಳು. ತುಟಿಯ ಮೂಲೆಯಲ್ಲಿ ಏನೋ ಅಲುಗಿತು.

"ಮೂರನೇ ಅರ್ಥದ ಕೆಳಗ ಜಾಗ ಎಷ್ಟದ?"

"ಎರಡು ಬೆರಳು."

"ನಾಕು ಅಂತ ಹಾಕ್ರಿ. ಮುಂದ ನನ್ನ ಹೆಸರು ಬರೀರಿ."

"ಅರ್ಥದಾಗ?"

"ಹೂಂ. ಎಲ್ಲಾದ್ರಾಗೂ."

ಚಸ್ಮಾ ಹಾಕಿಕೊಂಡೇ ಕೂತೆ. ಕಸ್ತೂರಿ ಪಾತ್ರೆ ಎತ್ತಿ ಕೊಟ್ಟಳು, ಸೃಷ್ಟಿ ಒರೆಸಿ ಇಟ್ಟಳು, ಜೀನತ ಮೆಹೆಂದಿ ಕೈ ಎತ್ತಿಕೊಂಡು ಕಾವಲಿದ್ದಳು. ಹೆಡ್: ತಲೆ, ಮುಖ್ಯಸ್ಥ, ಮೊಳೆಯ ಮಂಡೆ, ಜೀನತ. ಶಾರ್ಪ್: ಹರಿತ, ಚುರುಕು, ಹೇಳಿದ ಹೊತ್ತಿಗೆ ಸರಿಯಾಗಿ, ಜೀನತ. ಅವಳಿಗೆ ನಗು ತಡೆಯದಾಯಿತು. ಕೋಲ್ಡ್ ಬಂತು: ತಣ್ಣಗಿನದು, ನೆಗಡಿ, ಮುಖ ಕೊಟ್ಟು ಮಾತಾಡದವರು, ಜೀನತ.

"ಇದನ್ನ ಅತ್ತಿ ಕಣ್ಣಿಗಿ ಬೀಳದಂಗ ಹಿಂದ ಇಡ್ತೇನಿ!" ಎಂದು ಜೋರಾಗಿ ನಕ್ಕಳು. ನಗು ಕೇಳಿ ಸರ್ವರಬೇಗಂ ಬಂದಳು. ಬಂದವಳು ಕೊಡ ಓದಿ ಸೊಂಟದ ಮೇಲೆ ಕೈಯಿಟ್ಟಳು.

"ಕಾಕಾ, ನನ್ನ ಮಗಳು ಮೊಳಿ ಮಂಡಿ ಯಾವಾಗ ಆದ್ಳು?"

"ಅಮ್ಮೀ, ಹೆಸರು ಅದನೋ ಇಲ್ಲೋ ನೋಡು" ಎಂದಳು ಜೀನತ. "ಇಪ್ಪತ್ತೊಂದರಾಗೂ ಅದ. ಇದನ್ನ ಯಾವ ನಾದಿನಿ ತನ್ನದು ಅಂತಾಳ?"

ಸರ್ವರಬೇಗಂ ಒಂದೊಂದನ್ನೂ ಮುಟ್ಟಿ ಎಣಿಸಿದಳು. ಇಪ್ಪತ್ತೊಂದು. ಉಸಿರು ಬಿಟ್ಟಳು. ನನ್ನ ಕಡೆ ತಿರುಗಿ, "ನಾಳಿ ನೀವು ಜೇವರ್ಗಿಗಿ ಬರಲೇಬೇಕು ಕಾಕಾ. ಬೀಗರು ಇದೇನು ಅಂತ ಕೇಳಿದ್ರ ನೀವ ಹೇಳ್ರಿ. ನನ್ನ ಕೈಲಿ ಆಗಂಗಿಲ್ಲ" ಎಂದಳು.

ಇಷ್ಟಕ್ಕೆ ನನಗೆ ಬುದ್ಧಿ ಬಂತೆಂದುಕೊಂಡಿರಾ? ಛೇ! ಮರುದಿನ ಟೆಂಪೋದಲ್ಲಿ ಜೇವರ್ಗಿ ಮುಟ್ಟುವಷ್ಟರಲ್ಲಿ ಅದು ತಪ್ಪಾಗಿ ಆದದ್ದೆಂಬುದೇ ನನಗೆ ಮರೆತುಹೋಗಿತ್ತು. ಹೊಸ ಧೋತರ, ತಲೆಗೆ ಗುಲಾಬಿ ಪಟಗ ಸುತ್ತಿಕೊಂಡು ಭಾಷಣ ಸಿದ್ಧ ಮಾಡಿಕೊಂಡೆ. ಇದು ವಧುವಿಗೆ ವಿದ್ಯೆಯ ಬಳುವಳಿ, ಇಡೀ ಜಿಲ್ಲೆಗೇ ಮೊದಲನೆಯದು ಇತ್ಯಾದಿ! ಪಕ್ಕದಲ್ಲಿ ಕಸ್ತೂರಿ ಮಡಿಲಲ್ಲಿ ಭಾರದ ಚೀಲ ಇಟ್ಟುಕೊಂಡು ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತಿದ್ದಳು.

ಗಂಡಿನ ಮನೆಯಲ್ಲಿ ಪಾತ್ರೆಗಳನ್ನು ಜಮಖಾನೆಯ ಮೇಲೆ ಜೋಡಿಸಿದರು. ಜೀನತಳ ಅತ್ತೆ ಗತ್ತಿನ ಹೆಂಗಸು. ಕೊರಳಲ್ಲಿ ದಾರ ಕಟ್ಟಿದ ಚಸ್ಮಾ. ಅದನ್ನು ಮೂಗಿಗೇರಿಸಿ ಒಂದೊಂದಾಗಿ ಎತ್ತಿ ಓದತೊಡಗಿದಳು. ಹಿಂದೆ ಇಟ್ಟಿದ್ದ ಕೋಲ್ಡ್ ತಪೇಲಿಯನ್ನೂ ಕೈಚಾಚಿ ಎಳೆದುಕೊಂಡು ಓದಿದಳು. ಸರ್ವರಬೇಗಂ ಸೆರಗಿನ ತುದಿ ಕಚ್ಚಿದಳು. ಕೊನೆಗೆ ಅತ್ತೆ ಕೊಡದ ಮೇಲಿನ ಹೆಸರನ್ನು ಬೆರಳಿನಿಂದ ಸವರಿ ಕೇಳಿದಳು.

"ಇದನ್ನ ಬರದಾವ್ರು ಯಾರು?"

ನಾನು ಪಟಗ ಸರಿಮಾಡಿಕೊಂಡು ಮುಂದೆ ಬಂದೆ. "ನಾನ್ರಿ, ಅಕ್ಕಾರ. ಇದರ ಹಿಂದ ದೊಡ್ಡ ವಿಚಾರ ಅದ..."

"ಬರ್ರಿ ನನ್ನ ಹಿಂದ."

ಸನ್ಮಾನಕ್ಕೇ ಎಂದುಕೊಂಡು ಹೋದೆ. ಹಿತ್ತಲಿನಲ್ಲಿ ಮೂವತ್ತು ವರ್ಷದ ಸಂಸಾರದ ಪಾತ್ರೆಗಳೆಲ್ಲ ತೊಳೆದು ಗುಡ್ಡೆ ಹಾಕಿದ್ದರು.

"ನೋಡ್ರಿ, ಇವು ನನ್ನವು. ಒಂದಕ್ಕೂ ಹೆಸರಿಲ್ಲ" ಎಂದಳು. "ಇನ್ನ ಸೊಸಿವು ಎಲ್ಲಾ ಹೆಸರು ಹೊತ್ಕೊಂಡು ಬಂದಾವ. ನಾಳಿ ಇದು ಯಾರದು ಅಂದ್ರ ನಾ ಏನು ತೋರಸ್ಲಿ? ಇವತ್ತ ನಂದಕ್ಕೂ ಹಾಕಿ ಹೋಗ್ರಿ."

"ಮಶೀನ್ ತಂದಿಲ್ರಿ ಅಕ್ಕಾರ" ಎಂದೆ ಗೆಲುವಿನಿಂದ.

ಹಿಂದೆಯೇ ಬಂದಿದ್ದ ಕಸ್ತೂರಿ ಚೀಲ ಬಿಚ್ಚಿದಳು. ಮಶೀನು, ವೈರು, ನನ್ನ ಚಸ್ಮಾ ಮೂರನ್ನೂ ತೆಗೆದು ನನ್ನ ಮುಂದಿಟ್ಟಳು.

ಇರಲಿ, ಇಲ್ಲಿಯೂ ವಿದ್ಯೆ ಹರಡುವ ಯೋಗ ನನಗಿದೆ ಎಂದು ಕೂತೆ. ಮೊದಲ ತಪೇಲಿ ತೊಡೆಯ ಮೇಲಿಟ್ಟುಕೊಂಡು, ವಿನಯದಿಂದ ಕೇಳಿದೆ: "ಯಾವ ಶಬ್ದದಿಂದ ಸುರು ಮಾಡ್ಲಿ ಅಕ್ಕಾರ?"

ಅವಳು ಚಸ್ಮಾದ ಮೇಲಿನಿಂದ ನನ್ನನ್ನು ನೋಡಿದಳು.

"ಬರೇ ಹೆಸರು ಬರೀರಿ ಹಿರ್ಯಾರ" ಎಂದಳು. "ಅರ್ಥ ನಾವ ಹಚ್ಕೋತೀವಿ!"